ನಾಲ್ಕನೆಯ ಪಂಜರವನ್ನು ಕೊಲ್ಲದವಳು

ಎಪಿಫಾನಿಯಾ ದಿಮಾಯುಗಾ ತನ್ನ ಇಪ್ಪತ್ತೆರಡು ವರ್ಷಗಳ ಚಾಕರಿಯಲ್ಲಿ ಎಷ್ಟು ಲಕ್ಷ ಜಿಗಿಹುಳುಗಳನ್ನು ಕೊಂದಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಕೆಲಸ ಮುಗಿದ ಭತ್ತದ ಕುಂಡವನ್ನು ಹುಳುಗಳ ಸಮೇತ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ, ಬಾಯಿ ಬಿಗಿದು, ಹಬೆಯ ಪೆಟ್ಟಿಗೆಗೆ ತಳ್ಳುವುದು ಅವಳ ಪಾಲಿಗೆ ಅಕ್ಕಿ ತೊಳೆದಷ್ಟೇ ಸಲೀಸಾದ ಕೆಲಸವಾಗಿತ್ತು. ಅಂಥವಳು ಸೆಪ್ಟೆಂಬರಿನ ಒಂದು ಮಂಗಳವಾರ, ನಾಲ್ಕನೆಯ ಪಂಜರವನ್ನು ಮುಗಿಸಿಬಿಡಿ ಎಂದು ದೊಡ್ಡ ವಿಜ್ಞಾನಿಗಳು ಹೇಳಿದಾಗ, ಆಗುವುದಿಲ್ಲ ಎಂದಳು. ಆಕೆ ಕೂಗಾಡಲಿಲ್ಲ, ಅಳಲೂ ಇಲ್ಲ. ಹುಳುಮನೆಯ ಬೀಗದ ಕೈಯನ್ನು ಅಂಗಿಯ ಒಳಗೆ ಇಳಿಬಿಟ್ಟುಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಮಕಿಲಿಂಗ್ ಬೆಟ್ಟದ ಬುಡದಲ್ಲಿರುವ ಆ ಅಕ್ಕಿ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅವಳನ್ನು, ಹಿರಿಯಳೆಂಬ ಗೌರವದಿಂದ, ಆಲಿಂಗ್ ಪಾನ್ಯಾಂಗ್ ಎನ್ನುತ್ತಿದ್ದರು. ವಯಸ್ಸು ಐವತ್ತೆಂಟು. ಕುಳ್ಳಗಿನ ಮೈ, ಅಗಲವಾದ ಪಾದ, ಕೆರೆಯ ಸೀಮೆಯವರ ಗಟ್ಟಿ ದನಿ. ಹುಟ್ಟಿದ್ದು ಲಗೂನಾ ಸರೋವರದ ದಂಡೆಯ ಒಂದು ಹಳ್ಳಿಯಲ್ಲಿ. ಹನ್ನೊಂದು ವರ್ಷದವಳಿದ್ದಾಗ ಒಮ್ಮೆ, ಕೊಯ್ಲಿಗೆ ಹದಿನೈದು ದಿನವಿದೆ ಎನ್ನುವಾಗ, ತಂದೆಯ ಗದ್ದೆ ನಡುವಿನಿಂದ ಗುಂಡಗೆ ಒಣಗುತ್ತಾ ಬಂದಿತ್ತು. ಬೆಂಕಿಯಿಲ್ಲ, ಹೊಗೆಯಿಲ್ಲ, ಆದರೂ ಪೈರು ಸುಟ್ಟ ಬಣ್ಣಕ್ಕೆ ತಿರುಗಿ ಮಲಗಿತು. ತಂದೆ ಅವಳ ಕೈ ಹಿಡಿದು ಪೈರಿನ ಬುಡಕ್ಕೆ ಬಗ್ಗಿಸಿ ತೋರಿಸಿದ: ಎಳ್ಳಿಗಿಂತ ಸಣ್ಣ ಕಂದು ಹುಳುಗಳು, ತೆಂಡೆಯ ತುಂಬ, ತಲೆ ಕೆಳಗೆ ಮಾಡಿ ರಸ ಹೀರುತ್ತಿದ್ದವು. ಕಳೆದ ವರ್ಷ ಇದೇ ಭತ್ತವನ್ನು ಈ ಹುಳು ಮೂಸಿಯೂ ನೋಡಿರಲಿಲ್ಲ ಎಂದು ತಂದೆ ಹೇಳಿದ. ಒಂದು ವರ್ಷದಲ್ಲಿ ಹುಳುವಿಗೆ ಏನಾಯಿತು ಎಂಬ ಪ್ರಶ್ನೆ ಆ ಹುಡುಗಿಯ ತಲೆಯನ್ನು ಅಂದು ಹೊಕ್ಕದ್ದು ಹೊರಗೆ ಬರಲೇ ಇಲ್ಲ. ದೇವರು ಕೆಲವರ ಕೈಗೆ ಒಂದೇ ಒಂದು ಪ್ರಶ್ನೆಯನ್ನು ಕೊಟ್ಟು ಕಳಿಸುತ್ತಾನೆ; ಉತ್ತರವನ್ನು ಎಲ್ಲಿಡುತ್ತಾನೆಂಬುದು ಅವನಿಗೇ ಗೊತ್ತು.

ಗಂಡ ಊರೂರಿಗೆ ಜನ ಸಾಗಿಸುವ ಜೀಪ್ನಿ ಗಾಡಿ ಓಡಿಸುತ್ತಿದ್ದವನು, ಎದೆನೋವಿನಿಂದ ತೀರಿಕೊಂಡ. ಆಮೇಲೆ ಪಾನ್ಯಾಂಗ್ ಕೇಂದ್ರಕ್ಕೆ ಕಸ ಗುಡಿಸಲು ಬಂದಳು. ಅದೇ ತಾನೇ ಮೊಟ್ಟೆಯೊಡೆದ ಮರಿಹುಳುವನ್ನು ಬರಿಗಣ್ಣಿನಿಂದ ಎಣಿಸಬಲ್ಲಳೆಂದು ಗೊತ್ತಾದ ಮೇಲೆ ಪೊರಕೆ ಕೆಳಗಿಡಿಸಿ ಅವಳನ್ನು ಹುಳುಮನೆಗೆ ಹಾಕಿದರು. ಕೆಲಸ ಖಾಯಂ ಆಗಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ಮುಂದಿನ ವರ್ಷದ ಕರಾರಿಗೆ ಸಹಿ ಹಾಕಬೇಕು. ಭಾನುವಾರ ತಗಡಿನ ಸೂರಿನ ಪ್ರಾರ್ಥನಾ ಮಂದಿರದಲ್ಲಿ ಮಕ್ಕಳಿಗೆ ದೇವರ ವಾಕ್ಯ ಕಲಿಸುತ್ತಿದ್ದಳು. ಸೋಮವಾರದಿಂದ ಶನಿವಾರದವರೆಗೆ ಹುಳು ಸಾಕುತ್ತಿದ್ದಳು. ಈ ಎರಡರ ನಡುವೆ ಗೋಡೆಯಿದೆ ಎಂದು ಅವಳಿಗೆ ಎಂದೂ ಅನಿಸಿರಲಿಲ್ಲ.

ಗೋಡೆ ಕಟ್ಟಲು ಬಂದವರಿಗೇನೂ ಕೊರತೆಯಿರಲಿಲ್ಲ. ಕುಂಡಗಳಿಗೆ ಸಸಿ ನೆಡುವ ಮಂಗ್ ಅರ್ತೆಮ್ಯೊ ಅವರಲ್ಲಿ ಮೊದಲಿಗ. ಅವನ ಮಗಳಿಗೆ ಪಾನ್ಯಾಂಗ್ ಧರ್ಮತಾಯಿ. ಆದ್ದರಿಂದ ಅವನು ಅವಳನ್ನು ‘ಮಾರೆ’ ಎಂದೂ ಅವಳು ಅವನನ್ನು ‘ಪಾರೆ’ ಎಂದೂ ಕರೆಯುವ ಸಲುಗೆ. ಒಣಮೀನು ಅನ್ನದ ಡಬ್ಬಿ ಬಿಚ್ಚಿದಾಗೆಲ್ಲ ಅವನ ಕೀಟಲೆ ಶುರುವಾಗುತ್ತಿತ್ತು.

“ಮಾರೆ, ನಿಮ್ಮ ಸಭಾಪಾಲಕರಿಗೆ ಗೊತ್ತಾ, ನೀನು ಆರು ದಿನ ವಿಕಾಸ ಸಾಕಿ ಏಳನೇ ದಿನ ಬಂದು ಅವರ ಎದುರು ಕಣ್ಣು ಮುಚ್ಕೊಂಡು ಕೂತ್ಕೋತೀಯ ಅಂತ?”

“ನಾನು ಸಾಕೋದು ಹುಳ ಪಾರೆ. ಮಿಕ್ಕಿದ್ದು ಆತ ಮಾಡ್ತಾನೆ. ನಾನು ಎಣಿಸ್ತೀನಿ. ನೀನು ಮೀನು ತಿನ್ನು.”

ಆಗ ನಡೆಯುತ್ತಿದ್ದ ಪ್ರಯೋಗವೂ ಎಣಿಕೆಯದ್ದೇ. ಕೀಟ ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಲಿಯೊಕಾದ್ಯೊ ತೆವೆಸ್, ಹುಳುಮನೆಯವರ ಬಾಯಲ್ಲಿ ‘ದೋಕ್’, ಅದನ್ನು ಹಿಂದಿನ ವರ್ಷ ಆರಂಭಿಸಿದ್ದರು. ಹುಳುಮನೆಯ ಮಾತಿನಲ್ಲಿ ಭತ್ತ ಎರಡು ಬಗೆ: ಜಿಗಿಹುಳು ಸುಖವಾಗಿ ಕುಡಿದು ಬೆಳೆಯುವ ಮೆದು ತಳಿ, ಕುಡಿಯಲು ಕೊಡದ ಗಟ್ಟಿ ತಳಿ. ಮೆದು ತಳಿಯ ಮೇಲೆ ವರ್ಷಗಳಿಂದ ಬೆಳೆದ ಒಂದೇ ಮೂಲದ ಹುಳುಗಳನ್ನು ಐದು ಪಾಲು ಮಾಡಿ, ಐದು ಪಂಜರಗಳಲ್ಲಿ ಗಟ್ಟಿ ತಳಿಯ ಮೇಲೆ ಬಿಟ್ಟರು. ಉಳಿದ ಮೂಲದವು ಮೆದು ತಳಿಯ ಮೇಲೆಯೇ ಬೇರೆ ಕೋಣೆಯಲ್ಲಿ ಇದ್ದವು. ಗಟ್ಟಿ ತಳಿಯ ಮೇಲೆ ನೂರಕ್ಕೆ ತೊಂಬತ್ತು ಸತ್ತವು. ಬದುಕಿದವು ಮೊಟ್ಟೆಯಿಟ್ಟು ಮರಿ ಮಾಡಿದವು. ಆ ಮರಿಗಳಲ್ಲಿ ಹೆಚ್ಚಿನವು ಸತ್ತವು. ತಿಂಗಳಿಗೊಂದು ತಲೆಮಾರು. ಐದು ಪಂಜರಗಳೂ ಗಟ್ಟಿ ತಳಿಯನ್ನು ಗೆಲ್ಲುವವೋ, ಗೆದ್ದರೆ ಐದೂ ಒಂದೇ ದಾರಿ ಹಿಡಿಯುವವೋ ಬೇರೆ ಬೇರೆಯೋ ಎಂದು ನೋಡುವುದು ಉದ್ದೇಶ. ಉತ್ತರ ಸಿಕ್ಕಿದರೆ ಯಾವ ಭತ್ತ ಎಷ್ಟು ವರ್ಷ ನಿಲ್ಲುತ್ತದೆಂದು ರೈತನಿಗೆ ಮೊದಲೇ ಹೇಳಬಹುದು.

ಇದರಲ್ಲಿ ಪಂಜರದ ಹುಳು ಪಂಜರದಲ್ಲೇ ಇರಬೇಕು ಎಂಬುದೇ ಎಲ್ಲಕ್ಕಿಂತ ದೊಡ್ಡ ಕಟ್ಟಳೆ. ಮರಿಹುಳುಗಳನ್ನು ಹಳೆಯ ಕುಂಡದಿಂದ ಹೊಸ ಕುಂಡಕ್ಕೆ ಸಾಗಿಸುವುದು ಬಾಯಿಂದ. ಗಾಜಿನ ಕೊಳವೆಯ ತುದಿಯನ್ನು ಹುಳುವಿನ ಬಳಿ ಹಿಡಿದು ಇನ್ನೊಂದು ತುದಿಯ ರಬ್ಬರಿನಿಂದ ಉಸಿರೆಳೆದರೆ ಹುಳು ಒಳಗೆ ಬರುತ್ತದೆ. ಬಾಯಿಗೆ ಬಾರದಂತೆ ನಡುವೆ ತೆಳುಬಟ್ಟೆ ಕಟ್ಟಿರುತ್ತದೆ. ಒಂದೊಂದು ಪಂಜರಕ್ಕೆ ಒಂದೊಂದು ಕೊಳವೆ, ಒಂದೊಂದಕ್ಕೂ ಬೇರೆ ಬಣ್ಣದ ದಾರ. ಈ ಏರ್ಪಾಡು ಪಾನ್ಯಾಂಗಳದೇ. ಬೇರೆ ಹುಳುಮನೆಗಳಿಂದ ಕಲಿಯಲು ಬಂದವರಿಗೆ ಅವಳು ಮೊದಲು ತೋರಿಸುತ್ತಿದ್ದುದು ಆ ಕೊಳವೆಗಳು ತೂಗುವ ಗೋಡೆಯ ಮೇಲಿನ ಐದು ಮೊಳೆಗಳನ್ನು.

ಹತ್ತನೆಯ ತಲೆಮಾರಿನ ಹೊತ್ತಿಗೆ ನಾಲ್ಕನೆಯ ಪಂಜರ ಬೇರೆಯಾಗತೊಡಗಿತು. ಹದಿನಾಲ್ಕರ ಹೊತ್ತಿಗೆ ಅಲ್ಲಿನ ಹುಳುಗಳು ಗಟ್ಟಿ ತಳಿಯ ಕುಂಡವನ್ನು ಎಂಟೇ ದಿನದಲ್ಲಿ ಸುಟ್ಟ ಬಣ್ಣಕ್ಕೆ ತಂದವು. ಉಳಿದ ನಾಲ್ಕು ಪಂಜರಗಳಲ್ಲಿ ಹುಳುಗಳು ಇನ್ನೂ ಬಡಕಲಾಗಿ ತೆವಳುತ್ತಿದ್ದವು. ಡಾಕ್ಟರ್ ತೆವೆಸ್ ಬಂದು ನೋಡಿ, ಇಷ್ಟು ಬೇಗ ಹೀಗಾಗಲು ಸಾಧ್ಯವೇ ಇಲ್ಲ. ಜುಲೈನ ಚಂಡಮಾರುತದಲ್ಲಿ ಪರದೆ ಹರಿದು ಹೊರಗಿನ ಗದ್ದೆಯ ಹುಳು ಒಳಗೆ ನುಗ್ಗಿದೆ. ಕೆಟ್ಟ ಪಂಜರವನ್ನು ಉಳಿಸಿಕೊಂಡರೆ ಇಡೀ ಪ್ರಯೋಗಕ್ಕೆ ಮಸಿ. ಇವತ್ತೇ ಚೀಲಕ್ಕೆ ಹಾಕಿ, ಎಂದರು. ಆಗಲೇ ಪಾನ್ಯಾಂಗ್ ಬಾಗಿಲಿಗೆ ಬೆನ್ನು ಕೊಟ್ಟದ್ದು.

ತೆವೆಸ್ ಕೆಟ್ಟ ಮನುಷ್ಯರಲ್ಲ. ಹುಳುಮನೆಯವರ ಮಕ್ಕಳ ಮದುವೆಯೂಟಕ್ಕೆ ಹಂದಿ ಕೊಡಿಸಿದವರು. ಆದರೆ ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳಿ ಅವರಿಗೆ ರೂಢಿಯಿರಲಿಲ್ಲ. ಅವರು ಹೇಳಿದ್ದಿಷ್ಟು: ಇದು ಆಕೆಯ ಮೇಲಿನ ಆಪಾದನೆಯಲ್ಲ, ಗಾಳಿಯ ಮೇಲಿನದು, ಹಟ ಮಾಡಿದರೆ ಮಾತ್ರ ಆಪಾದನೆಯಾಗುತ್ತದೆ. ಪಾನ್ಯಾಂಗ್ ಒಳಗೆ ಹೋಗಿ ತನ್ನ ದಿನಚರಿ ಪುಸ್ತಕವನ್ನೂ ಒಂದು ಕಂತೆ ಕಾಗದವನ್ನೂ ತಂದಳು. ಹುಳು ರಸ ಕುಡಿದು ಹೊರಹಾಕುವ ಸಿಹಿಯಂಟು ಆ ಹಳದಿ ಕಾಗದದ ಮೇಲೆ ಬಿದ್ದರೆ ನೀಲಿ ಚುಕ್ಕೆಯಾಗುತ್ತದೆ. ಹೆಚ್ಚು ಕುಡಿದಷ್ಟೂ ಚುಕ್ಕೆ ದೊಡ್ಡದು. ನಾಲ್ಕನೆಯ ಪಂಜರದ ಹದಿನಾಲ್ಕು ತಲೆಮಾರಿನ ಕಾಗದಗಳನ್ನು ಆಕೆ ಜಗಲಿಯ ಮೇಲೆ ಸಾಲಾಗಿ ಹಾಸಿ, ಒಂದೊಂದರ ಮೇಲೂ ಕಲ್ಲು ಹೇರಿದಳು. ಮೊದಲಿನದರಲ್ಲಿ ಸೂಜಿಮೊನೆ, ಆರನೆಯದರಲ್ಲಿ ಸಾಸಿವೆ, ಹತ್ತರಲ್ಲಿ ಮೆಣಸಿನಕಾಳು, ಕೊನೆಯದರಲ್ಲಿ ಗುಂಡಿಯಷ್ಟು.

“ಗಾಳಿ ತಂದಿದ್ರೆ ಒಂದೇ ಸಲಕ್ಕೆ ದೊಡ್ಡದಾಗ್ಬೇಕಿತ್ತು ದೋಕ್,” ಎಂದಳು. “ಇದು ಮೆಟ್ಲು ಹತ್ತಿದೆ. ಚಂಡಮಾರುತಕ್ಕೆ ಮುಂಚೇನೇ ಹತ್ತೋಕೆ ಶುರು ಮಾಡಿದೆ. ಹೊರಗಿನ ಹುಳ ಬಂದಿದ್ರೆ ಜೊತೆಗೆ ಜೇಡ ಬರ್ತಿತ್ತು, ಹಸಿರು ಜಿಗಿಹುಳ ಬರ್ತಿತ್ತು. ಒಂದೂ ಇಲ್ಲ.”

“ಚುಕ್ಕೆ ನೋಡಿ ವಿಜ್ಞಾನ ಹೇಳೋಕಾಗಲ್ಲ ಆಲಿಂಗ್ ಪಾನ್ಯಾಂಗ್.”

“ಚುಕ್ಕೆ ನೋಡೋಕೆ ತಾನೇ ನನ್ನನ್ನ ಇಟ್ಕೊಂಡಿರೋದು.”

ಜಗಲಿಯ ತುದಿಯಲ್ಲಿ ಮಣ್ಣು ಕಲಸುತ್ತಿದ್ದ ಅರ್ತೆಮ್ಯೊ ತಲೆ ತಗ್ಗಿಸಿ ನಕ್ಕದ್ದು ಎಲ್ಲರಿಗೂ ಕಾಣಿಸಿತು. ತೆವೆಸ್ ಅವರ ಮುಖ ಕೆಂಪಾಯಿತು. ಪಂಜರದಿಂದ ಪಂಜರಕ್ಕಾದರೂ ಬೆರೆತಿರಬಹುದಲ್ಲ ಎಂದು ಅವರು ಕೇಳಿದರು. ಪಾನ್ಯಾಂಗ್ ಗೋಡೆಯ ಮೇಲಿನ ಮೊಳೆಗಳತ್ತ ಕೈ ತೋರಿಸಿದಳು. ಒಂದರ ಕೊಳವೆಯನ್ನು ಇನ್ನೊಂದಕ್ಕೆ ತಾನು ಎಂದೂ ಇಟ್ಟಿಲ್ಲ, ದೇವರ ಎದುರಿಗೆ ಹೇಳುತ್ತೇನೆ, ಎಂದಳು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಆಕೆ ಅದನ್ನು ನಂಬಿಯೇ ಹೇಳಿದಳು.

ನಡುವೆ ಬಂದವಳು ಜೊವೆಲ್ಲಿನ್ ಕಬ್ರಾಲ್. ಇಲೊಯ್ಲೊ ಕಡೆಯ ಹುಡುಗಿ, ಜಪಾನಿನಲ್ಲಿ ಓದಿ ಬಂದು ಜೀನೋಮ್ ಓದುವ ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಅವಳದೂ ಡಿಸೆಂಬರಿನ ಕರಾರೇ. ಚುಕ್ಕೆಯ ಮಾತೂ ಬೇಡ, ಗಾಳಿಯ ಮಾತೂ ಬೇಡ, ಹುಳುಗಳ ವಂಶದ ಅಕ್ಷರಗಳನ್ನೇ ಓದಿಬಿಡೋಣ ಎಂದಳು. ಮೂಲದ ಹುಳು, ಐದು ಪಂಜರಗಳ ಹುಳು, ಹೊರಗಿನ ಗದ್ದೆಯ ಹುಳು, ಏಳು ಕಡೆಯಿಂದ ಐವತ್ತೈವತ್ತು ಹಿಡಿದು ಅರೆದು ಕಳಿಸಿದರೆ, ಯಾವುದು ಯಾರ ಮಗು ಎಂದು ಗೊತ್ತಾಗುತ್ತದೆ. ತೆವೆಸ್ ಒಪ್ಪಿದರು. ಆದರೆ ಷರತ್ತಿನ ಮೇಲೆ. ನಾಲ್ಕನೆಯ ಪಂಜರಕ್ಕೆ ಹೊರಗಿನದು ಬೆರೆತಿದೆ ಎಂದು ಬಂದರೆ, ತಪ್ಪು ತನ್ನದೆಂದು ಪಾನ್ಯಾಂಗ್ ಬರೆದುಕೊಟ್ಟು, ಹೊಸ ಕರಾರು ಕೇಳದೆ ಮನೆಗೆ ಹೋಗಬೇಕು.

“ಆಗ್ಲಿ,” ಎಂದಳು ಪಾನ್ಯಾಂಗ್. “ಬೆರೆತಿಲ್ಲ ಅಂತ ಬಂದ್ರೆ?”

“ಬಂದ್ರೆ ನಿಮ್ಮ ಪಂಜರ ನಿಮಗೆ.”

“ನನಗೆ ಪಂಜರ ಬೇಡ ದೋಕ್. ನಿಮ್ಮ ಬಾಯಿಂದ ಒಂದು ಮಾತು ಸಾಕು.”

ಅಕ್ಷರ ಓದಿ ಬರಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳಲ್ಲಿ ಕೇಂದ್ರದ ಊಟದ ಮನೆಯಲ್ಲಿ ಪಾನ್ಯಾಂಗಳ ಪಕ್ಕದ ಬೆಂಚು ಖಾಲಿಯಾಯಿತು. ಮುಖ್ಯಸ್ಥರನ್ನು ಎದುರು ಹಾಕಿಕೊಂಡವಳ ಜೊತೆ ಕಾಫಿ ಕುಡಿಯುವುದು ಕರಾರಿನವರಿಗೆ ಹಿತವಲ್ಲ. ಅರ್ತೆಮ್ಯೊ ಮಾತ್ರ ದಿನವೂ ಬಂದು ಕೂರುತ್ತಿದ್ದ. ಅದೂ ಸತ್ತವರ ಮನೆಗೆ ಸಾಂತ್ವನ ಹೇಳಲು ಬಂದವನ ಮುಖ ಮಾಡಿಕೊಂಡು, ಅವಳನ್ನು ರೇಗಿಸಲೆಂದೇ. ಪ್ರಾರ್ಥನಾ ಮಂದಿರದಲ್ಲಿ ಹೆಂಗಸರು ಕೇಳಿದರು: ಪೈರು ತಿನ್ನುವ ಹುಳುವಿಗಾಗಿ ಅನ್ನದ ತಟ್ಟೆಗೆ ಒದೆಯುವುದು ಯಾವ ಧರ್ಮ? ಅದೂ ದೇವರಿಲ್ಲದವರು ಮಾಡುವ ವಿಕಾಸದ ಪ್ರಯೋಗಕ್ಕೆ?

ಆಕೆ ಕೊಟ್ಟ ಉತ್ತರವನ್ನು ಆ ಮಂದಿರದವರು ಇಂದಿಗೂ ಹೇಳುತ್ತಾರೆ. ತಾನು ಹೊಡೆದಾಡುತ್ತಿರುವುದು ಹುಳುವಿಗಾಗಿ ಅಲ್ಲ, ಕಂಡದ್ದಕ್ಕಾಗಿ, ಎಂದಳಂತೆ. ಸೃಷ್ಟಿ ಮುಗಿಸಿ ಕೈ ತೊಳೆದುಕೊಂಡ ದೇವರನ್ನು ನೀವು ನಂಬಿದ್ದೀರಿ; ನನ್ನ ದೇವರು ಇವತ್ತು ಬೆಳಿಗ್ಗೆಯೂ ನಾಲ್ಕನೆಯ ಪಂಜರದಲ್ಲಿ ಕೆಲಸ ಮಾಡುತ್ತಿದ್ದ; ನಾನು ಕಣ್ಣಾರೆ ಕಂಡದ್ದನ್ನು ಕಾಣಲಿಲ್ಲ ಎಂದರೆ ಆತನ ಮುಖಕ್ಕೆ ಸುಳ್ಳು ಹೇಳಿದಂತೆ. ಇಷ್ಟು ಹೇಳಿ ಮಕ್ಕಳಿಗೆ ಪಾಠ ಹೇಳಲು ಹೋದಳು. ಈ ಮಾತಿನ ಮೇಲೆ ಸೇರಿಸಲು ಯಾವ ಉಪದೇಶಕನ ಬಳಿ ತಾನೇ ಏನಿರುತ್ತದೆ?

ನವೆಂಬರಿನಲ್ಲಿ ಎರಡನೆಯ ಪಂಜರದ ಹುಳುಗಳೂ ಮೈದುಂಬಿಕೊಂಡವು. ನೀಲಿ ಚುಕ್ಕೆ ಒಂದೇ ತಲೆಮಾರಿನಲ್ಲಿ ಸಾಸಿವೆಯಿಂದ ಗುಂಡಿಯಾಯಿತು. ಪಾನ್ಯಾಂಗ್ ಅದನ್ನು ಬರೆದಿಟ್ಟಳು. ಸಂತೋಷವನ್ನೂ ಪಟ್ಟಳು: ನೋಡಿ, ನಾಲ್ಕು ಒಂಟಿಯಲ್ಲ. ಒಂದೇ ಸಲಕ್ಕೆ ದೊಡ್ಡದಾದರೆ ಅದು ಬೆರಕೆಯ ಗುರುತು ಎಂದು ತಾನೇ ಹೇಳಿದ್ದು ಆ ಸಂತೋಷದಲ್ಲಿ ಅವಳ ನೆನಪಿಗೆ ಬರಲಿಲ್ಲ. ನಮ್ಮ ಪಕ್ಷಕ್ಕೆ ಸಾಕ್ಷಿ ಹೇಳಲು ಬಂದವನ ಜಾತಕವನ್ನು ನಾವು ಕೇಳುವುದು ಕಡಿಮೆ.

ಡಿಸೆಂಬರಿನ ಎರಡನೆಯ ವಾರ, ಊರೆಲ್ಲ ಕಿಟಕಿಗಳಿಗೆ ನಕ್ಷತ್ರದ ದೀಪ ಕಟ್ಟಿದ್ದಾಗ, ಜೊವೆಲ್ಲಿನ್ ಫಲಿತಾಂಶ ಹಿಡಿದು ಬಂದಳು. ತೆವೆಸ್ ಎಲ್ಲರನ್ನೂ ತಮ್ಮ ಕೋಣೆಗೆ ಕರೆಸಿದರು. ಅರ್ತೆಮ್ಯೊ ಬಾಗಿಲ ಬಳಿ ಕೆಸರು ಕಾಲಲ್ಲೇ ನಿಂತ. ಜೊವೆಲ್ಲಿನ್ ಬಣ್ಣದ ಪಟ್ಟಿಗಳನ್ನು ಗೋಡೆಗೆ ಅಂಟಿಸಿ ವಿವರಿಸಿದಳು. ನಾಲ್ಕನೆಯ ಪಂಜರದಲ್ಲಿ ಹೊರಗಿನ ಗದ್ದೆಯ ಹುಳುವಿನ ಸುಳಿವೇ ಇಲ್ಲ. ಅದು ಮೂಲದ ಅಪ್ಪಟ ಸಂತಾನ. ಮೂಲದಲ್ಲಿ ನೂರಕ್ಕೆ ಎರಡು ಮೂರು ಹುಳುಗಳಲ್ಲಿ ಮಾತ್ರ ಇದ್ದ ಒಂದು ಸಣ್ಣ ವ್ಯತ್ಯಾಸ, ಗಟ್ಟಿ ತಳಿಯ ಮೇಲೆ ಸಾವು ಜರಡಿ ಹಿಡಿದಂತೆಲ್ಲ ಹೆಚ್ಚುತ್ತಾ ಹೋಗಿ, ಈಗ ಆ ಪಂಜರದ ಬಹುಪಾಲು ಎಲ್ಲ ಹುಳುಗಳಲ್ಲೂ ಇದೆ.

ತೆವೆಸ್ ಕುರ್ಚಿಯಿಂದ ಎದ್ದರು. ಎಲ್ಲರ ಎದುರಿಗೆ, ತಲೆ ಬಾಗಿಸಿ, “ಆಲಿಂಗ್ ಪಾನ್ಯಾಂಗ್, ತಪ್ಪು ನಂದು. ನೀವು ಕಂಡಿದ್ದು ನಿಜ,” ಎಂದರು. ಆಕೆ ಕೇಳಿದ್ದ ಮಾತು ಅದೇ. ಇಪ್ಪತ್ತೆರಡು ವರ್ಷದಲ್ಲಿ ಆ ಕಟ್ಟಡದಲ್ಲಿ ಹುಳು ಸಾಕುವವಳಿಗೆ ಯಾರೂ ಹಾಗೆ ಹೇಳಿರಲಿಲ್ಲ.

ಕಥೆಯನ್ನು ಇಲ್ಲಿಗೆ ನಿಲ್ಲಿಸಬಹುದಾಗಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ತೆವೆಸ್ ಇನ್ನೂ ಹೆಚ್ಚಿನ ಸಂತೋಷದಲ್ಲಿದ್ದರು. ಎರಡನೆಯ ಪಂಜರದಲ್ಲೂ ಅದೇ ವ್ಯತ್ಯಾಸ, ಅದೇ ಜಾಗದಲ್ಲಿ, ಹೆಚ್ಚುತ್ತಿತ್ತು. ಎರಡು ಪಂಜರಗಳು, ಒಂದನ್ನೊಂದು ಕಾಣದೆ, ಒಂದೇ ದಾರಿ ಹಿಡಿದಿವೆ. ವಿಕಾಸ ತನ್ನ ಹೆಜ್ಜೆಯನ್ನೇ ಮತ್ತೆ ಇಟ್ಟಿದೆ. ಇದು ಬರೀ ವರದಿಯಲ್ಲ, ಪ್ರಪಂಚ ತಿರುಗಿ ನೋಡುವ ವಿಷಯ, ಎಂದರು. ಜೊವೆಲ್ಲಿನ್ ಮಾತ್ರ ನಗಲಿಲ್ಲ. ಇನ್ನೊಂದು ವಿಷಯವಿದೆ ಎಂದು ಮೆಲ್ಲಗೆ ಹೇಳಿದಳು; ಅದನ್ನು ಆಮೇಲೆ ನೋಡೋಣ ಎಂದರು ತೆವೆಸ್.

ಪಾನ್ಯಾಂಗ್ ಕೇಳಿದಳು. “ಏನದು ಮಗಳೇ?”

“ಪಂಜರದಲ್ಲಿ ಹುಳ ಸತ್ತು ಕಡಿಮೆ ಆದಾಗ, ಉಪಯೋಗವೇ ಇಲ್ಲದ ಕೆಲವು ಗುರುತುಗಳೂ ಉಳ್ಕೊಳ್ತವೆ ಅಮ್ಮಾ, ಬರೀ ಅದೃಷ್ಟದ ಮೇಲೆ,” ಎಂದಳು ಜೊವೆಲ್ಲಿನ್. “ಒಂದನೇದು, ಮೂರು, ಐದು, ಒಂದೊಂದರಲ್ಲೂ ಅವು ಬೇರೆ ಬೇರೆ. ಹಾಗೇ ಇರಬೇಕು. ಆದ್ರೆ ಎರಡರಲ್ಲೂ ನಾಲ್ಕರಲ್ಲೂ ಸುಮಾರು ಒಂದೇ ಇವೆ. ಉಪಯೋಗದ್ದು ಎರಡು ಕಡೆ ಒಂದೇ ಆಗಬಹುದು. ಉಪಯೋಗ ಇಲ್ಲದ್ದು...”

ಒಂದೇ ಮೂಲದಿಂದ ಬಂದವಲ್ಲವೇ, ಸ್ವಲ್ಪ ಹೋಲಿಕೆ ಸಹಜ, ಓದುವವರಿಗೆ ವಾದಿಸಿ ಒಪ್ಪಿಸಬಹುದು ಎಂದರು ತೆವೆಸ್. ಪಾನ್ಯಾಂಗ್ ಆ ಮಾತನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ಜುಲೈನಲ್ಲಿದ್ದಳು. ಚಂಡಮಾರುತದ ಮರುದಿನ ಕರೆಂಟಿಲ್ಲ, ನೀರಿಲ್ಲ, ಉರುಳಿದ ಕುಂಡಗಳು, ಸಂಜೆಯೊಳಗೆ ಐದೂ ಪಂಜರದ ಮರಿಗಳನ್ನು ಹೊಸ ಕುಂಡಕ್ಕೆ ಸಾಗಿಸದಿದ್ದರೆ ಎಲ್ಲವೂ ಸಾಯುತ್ತವೆ. ಎರಡನೆಯ ಪಂಜರದ ಕೊಳವೆ ಗೋಡೆಯಿಂದ ಬಿದ್ದು ಒಡೆದಿತ್ತು. ಹತ್ತಿರ ಇದ್ದದ್ದು ನಾಲ್ಕರದು. ಅದನ್ನು ಮೂರು ಸಲ ತೊಡೆಗೆ ಬಡಿದಳು, ಬೆಳಕಿಗೆ ಹಿಡಿದು ನೋಡಿದಳು, ಖಾಲಿ ಎಂದುಕೊಂಡಳು, ಎರಡನೆಯ ಪಂಜರಕ್ಕೆ ಇಟ್ಟಳು. ತೆಳುಬಟ್ಟೆಯ ಮಡಿಕೆಯಲ್ಲಿ ನಾಲ್ಕೈದು ಎಳೆಮರಿ ಅಂಟಿಕೊಂಡಿದ್ದರೆ ಆ ಮಬ್ಬಿನಲ್ಲಿ ಕಾಣುತ್ತಿರಲಿಲ್ಲ. ಮರುದಿನ ಹೊಸ ಕೊಳವೆಗೆ ದಾರ ಕಟ್ಟಿದಳು. ಹಾಗೆ ದಾರ ಕಟ್ಟಿದ್ದು ನೆನಪಿನಲ್ಲಿ ಉಳಿಯಿತು. ಹಿಂದಿನ ದಿನದ್ದು ಮರೆತುಹೋಯಿತು.

“ದೋಕ್,” ಎಂದಳು. “ಎರಡನೇದಕ್ಕೆ ನಾಲ್ಕರ ಹುಳ ಹೋಗಿದೆ. ನಾನೇ ಬಿಟ್ಟಿದ್ದೀನಿ.”

ಆಕೆ ಜುಲೈನ ಸಂಜೆಯನ್ನು ಹೇಳಿ ಮುಗಿಸಿದಳು. ತೆವೆಸ್ ಬಾಗಿಲು ಮುಚ್ಚುವಂತೆ ಅರ್ತೆಮ್ಯೊನಿಗೆ ಸನ್ನೆ ಮಾಡಿದರು; ಅವನು ತಾನೂ ಒಳಗೆ ಉಳಿದೇ ಮುಚ್ಚಿದ. ತೆವೆಸ್ ಈಗ ಬಹಳ ಮೃದುವಾಗಿ ಮಾತಾಡಿದರು. ಐದು ತಿಂಗಳ ಹಿಂದಿನ ನೆನಪು, ಕೊಳವೆ ಬಡಿದಿದ್ದಾರೆ, ಖಾಲಿಯಿತ್ತು ಎಂದು ಅವರೇ ಹೇಳುತ್ತಿದ್ದಾರೆ, ಹೀಗಿರುವಾಗ ಬೆರೆತಿದೆ ಎಂದು ಏಕೆ ತಿಳಿಯಬೇಕು? ಹೊಸ ಕರಾರಿನ ಕಾಗದ ಆಗಲೇ ಮೇಜಿನ ಮೇಲಿದೆ. ಈ ಸಲ ಎರಡು ವರ್ಷಕ್ಕೆ. ಗೆದ್ದ ದಿನ ಮನುಷ್ಯ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಬೇಕು, ಎಂದರು.

ಇಲ್ಲಿಯೇ ಆ ಹೆಂಗಸು ಸೆಪ್ಟೆಂಬರಿನಲ್ಲಿ ನಿಂತದ್ದಕ್ಕಿಂತ ಗಟ್ಟಿಯಾಗಿ ನಿಂತಳು. ತನ್ನ ಮೇಲೆ ಬಂದ ಸುಳ್ಳು ಆಪಾದನೆಯನ್ನು ತಳ್ಳಿಹಾಕಲು ಧೈರ್ಯ ಬೇಕು, ನಿಜ. ರೋಷವೂ ಅದಕ್ಕೆ ಹೆಗಲು ಕೊಡುತ್ತದೆ. ತನಗೆ ಸಿಕ್ಕ ಸುಳ್ಳು ಗೌರವವನ್ನು ಅದೇ ರೋಷದಿಂದ ತಳ್ಳುವವರು ಎಷ್ಟು ಮಂದಿ?

“ಮೂರು ತಿಂಗಳು ನನ್ನ ಮಾತು ಸುಳ್ಳು ಅಂದ್ರಿ, ನಾನು ತಡ್ಕೊಂಡೆ,” ಎಂದಳು. “ಈಗ ನನ್ನ ಸುಳ್ಳನ್ನ ನಿಜ ಅಂತಿದ್ದೀರಿ. ಇದನ್ನ ತಡ್ಕೊಳಲ್ಲ. ದೇವರ ಎದುರಿಗೆ ಅಂತ ಹೇಳ್ಬಿಟ್ಟಿದ್ದೀನಿ ದೋಕ್, ಕೊಳವೆ ಬದಲಾಗಿಲ್ಲ ಅಂತ. ಬದಲಾಗಿದೆ.”

“ಇದನ್ನ ಬರೆದ್ರೆ ನಾಲ್ಕನೇ ಪಂಜರವನ್ನೂ ಜನ ನಂಬಲ್ಲ, ಗೊತ್ತಾ? ನಿಮ್ಮ ನಾಲ್ಕನೇ ಪಂಜರ.”

ಏಟು ಬೀಳಬೇಕಾದಲ್ಲೇ ಬಿತ್ತು. ಆಕೆ ಜೊವೆಲ್ಲಿನ್ ಕಡೆ ತಿರುಗಿ, ಎರಡರ ಹುಳು ನಾಲ್ಕಕ್ಕೆ ಹೋಗಿದ್ದರೆ ಅಕ್ಷರದಲ್ಲಿ ಗೊತ್ತಾಗುತ್ತದೆಯೇ ಎಂದು ಕೇಳಿದಳು. ಗೊತ್ತಾಗುತ್ತದೆ, ಹೋಗಿಲ್ಲ, ಎರಡರಲ್ಲಿ ಅದರ ಸ್ವಂತ ಗುರುತುಗಳೂ ಉಳಿದಿವೆ, ಅವು ನಾಲ್ಕರಲ್ಲಿ ಒಂದೂ ಇಲ್ಲ, ಎಂದಳು ಜೊವೆಲ್ಲಿನ್. ಇಷ್ಟು ಹೊತ್ತು ನೆಲ ನೋಡುತ್ತಿದ್ದ ಆ ಹುಡುಗಿ ಮುಖ್ಯಸ್ಥರ ಮುಖ ನೋಡಿಯೇ ಅದನ್ನು ಹೇಳಿದಳು. ಹಾಗಾದರೆ ನಾಲ್ಕು ತನ್ನ ಕಾಲ ಮೇಲೆ ನಿಲ್ಲಲಿ, ಎಂದಳು ಪಾನ್ಯಾಂಗ್. ದಿನಚರಿ ಪುಸ್ತಕದ ಜುಲೈ ಹಾಳೆ ತೆಗೆದು, ಅಂಚಿನಲ್ಲಿ ಮಸಿಪೆನ್ನಿನಿಂದ ಬರೆದು, ಇಂದಿನ ತಾರೀಖು ಹಾಕಿ, ಪೂರ್ತಿ ಹೆಸರು ಸಹಿ ಮಾಡಿ, ಕರಾರಿನ ಕಾಗದದ ಮೇಲೆಯೇ ಅದನ್ನು ತೆರೆದಿಟ್ಟಳು.

ಆ ಮಧ್ಯಾಹ್ನ ಆಕೆ ದಪ್ಪ ಪ್ಲಾಸ್ಟಿಕ್ ಚೀಲ ಹಿಡಿದು ಎರಡನೆಯ ಪಂಜರಕ್ಕೆ ಹೋದಳು. ಆಲ್ಕೊಹಾಲಿನಲ್ಲಿ ಹಾಕಿಡಲು ಇನ್ನೂರು ಹುಳುಗಳನ್ನು ಜೊವೆಲ್ಲಿನ್‌ಗೆ ಕೊಟ್ಟು, ಉಳಿದದ್ದನ್ನು ಕುಂಡ ಸಮೇತ ಚೀಲಕ್ಕೆ ಇಳಿಸಿದಳು. ಅರ್ತೆಮ್ಯೊ ಹಬೆಯ ಪೆಟ್ಟಿಗೆಯ ಬಾಗಿಲು ಹಿಡಿದುಕೊಂಡ. ಹದಿನೇಳು ತಲೆಮಾರು, ಹದಿನೇಳು ತಿಂಗಳ ಬೆಳಗುಗಳು. ಅವನಿಗೆ ಅಂದು ಯಾವ ಕೀಟಲೆಯೂ ಹೊಳೆಯಲಿಲ್ಲ. ಆಕೆಯ ಗಂಡನ ಮನೆತನದ ಹೆಸರು ದಿಮಾಯುಗಾ, ಅಂದರೆ ಅಲುಗದವರು ಎಂದು ಅರ್ಥ. ಅದನ್ನು ಮದುವೆಯಾಗಿ ಪಡೆದವಳು ಹುಟ್ಟಿನಿಂದ ಪಡೆದವರಿಗಿಂತ ಚೆನ್ನಾಗಿ ಹೊತ್ತಿದ್ದಾಳೆ ಎಂದು ಮಾತ್ರ ಅವನು ಹೆಂಡತಿಗೆ ಹೇಳಿದನಂತೆ.

ತೆವೆಸ್ ಎಂಟು ದಿನ ಹುಳುಮನೆಯ ಕಡೆ ಬರಲಿಲ್ಲ. ಬಂದಾಗ ಅವರ ಕೈಯಲ್ಲಿ ವರದಿಯ ಕರಡು ಇತ್ತು, ನಾಲ್ಕು ಪಂಜರಗಳದು. ತಾಂತ್ರಿಕ ಕಾರಣದಿಂದ ಎರಡನೆಯದನ್ನು ಕೈಬಿಡಲಾಗಿದೆ ಎಂದು ಬರೆದಿದ್ದರು. ಪಾನ್ಯಾಂಗ್ ಓದಿಸಿಕೊಂಡು ಕೇಳಿದಳು.

“ತಾಂತ್ರಿಕ ಕಾರಣ ಅಂದ್ರೆ ನಾನಾ?”

“ನಿಮ್ಮ ಮರ್ಯಾದೆಗೋಸ್ಕರ ಹಾಗೆ ಬರೆದೆ.”

“ಕೊಳವೆ ಬದಲಾಯ್ತು ಅಂತ ಬರೀರಿ ದೋಕ್. ಬೇರೆ ಹುಳುಮನೆಯವರು ಓದ್ತಾರೆ. ಅವರ ಮನೇಲೂ ಚಂಡಮಾರುತ ಬರುತ್ತೆ.”

ಅವರು ಜೇಬಿನಿಂದ ಪೆನ್ನು ತೆಗೆದು, ಹಾಗೆಯೇ ತಿದ್ದಿದರು. ಕರಾರಿನ ಕಾಗದವನ್ನೂ ಕೊಟ್ಟರು. ಮೇಲಿನವರು ಒಪ್ಪಿದ್ದು ಆರು ತಿಂಗಳಿಗೆ ಮಾತ್ರ. ಅದಕ್ಕಿಂತ ಹೆಚ್ಚು ಕೇಳಲು ತಮಗೂ ಬಾಯಿ ಬರಲಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆಕೆ ಸಹಿ ಹಾಕಿದಳು. ಹಾಕಿ, ಮೂಲದ ಹುಳುಗಳಿಂದ ಒಂದು ಪಾಲು ತೆಗೆದು ಎರಡನೆಯ ಪಂಜರವನ್ನು ಮೊದಲಿನಿಂದ ಹೂಡಲು ಅನುಮತಿ ಕೇಳಿದಳು. ತೆವೆಸ್ ಇಲ್ಲ ಎನ್ನಲಿಲ್ಲ.

ಜನವರಿಯ ಮೊದಲ ಸೋಮವಾರ ಅರ್ತೆಮ್ಯೊ ಗಟ್ಟಿ ತಳಿಯ ಸಸಿಗಳನ್ನು ತಂದಿಟ್ಟು, ಕುಂಡದ ಮೇಲೆ ಬಗ್ಗಿದ್ದ ಅವಳ ಬೆನ್ನನ್ನು ನೋಡುತ್ತಾ ನಿಂತ.

“ಆರು ತಿಂಗಳಲ್ಲಿ ಎಷ್ಟು ತಲೆಮಾರು ಆಗುತ್ತೆ ಮಾರೆ?”

“ಆರು.”

“ಆರಕ್ಕೆ ಏನೂ ಕಾಣಿಸಲ್ಲ. ಸೂಜಿಮೊನೆಯಿಂದ ಸಾಸಿವೆ ಅಷ್ಟೇ.”

“ಸಾಸಿವೆ ತನಕ ನಾನು ಎಣಿಸ್ತೀನಿ,” ಎಂದಳು ಪಾನ್ಯಾಂಗ್, ತಲೆ ಎತ್ತದೆ. “ಏಳನೇದನ್ನ ಬೇರೆ ಯಾರಾದ್ರೂ ಎಣಿಸ್ಲಿ. ಸಸಿ ಸರಿಯಾಗಿ ನೆಡು, ವಾಲಿದೆ.”